ಚೂರಿಯ ಮೂಗಿನ ಬಣ್ಣ

ಹೆಣ್ಣು ಬಡ್ಜಿ ಮೊಟ್ಟೆಯಿಡಲು ಸಿದ್ಧವಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವ ಅಧಿಕಾರ ನಮ್ಮ ಮನೆಯಲ್ಲಿ ಒಬ್ಬರಿಗೇ ಇತ್ತು, ನಮ್ಮವರಿಗೆ. ಊರೆಲ್ಲ ಲವ್ ಬರ್ಡ್ಸ್ ಎನ್ನುವ ಆ ಪುಟ್ಟ ಗಿಳಿಗಳನ್ನು ಬಡ್ಜಿ ಎಂದು ತಿದ್ದಿ ತಿದ್ದಿ ಅವರಿಗೂ ಸಾಕಾಗಿತ್ತು, ಕೇಳಿ ಕೇಳಿ ನನಗೂ ಸಾಕಾಗಿತ್ತು. ಆದರೆ ತೀರ್ಪಿಗೆ ಯಾರೂ ಎದುರಾಡುತ್ತಿರಲಿಲ್ಲ. ಹಿಂದೊಮ್ಮೆ ಅವಸರಪಟ್ಟು ಎಳೆಯ ಹೆಣ್ಣಿಗೆ ಗೂಡಿನ ಪೆಟ್ಟಿಗೆ ಕಟ್ಟಿದ್ದೆವು. ಪೆಟ್ಟಿಗೆ ಕಂಡರೆ ಸಾಕು, ಈ ಹಕ್ಕಿಗಳಿಗೆ ಸಂಸಾರದ ಯೋಚನೆ ಶುರುವಾಗುತ್ತದೆ. ಮೈ ಬಲಿತಿರದ ಅದರ ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿಕೊಂಡಿತು. ಪಂಜರದ ಮೂಲೆಯಲ್ಲಿ ಪುಕ್ಕ ಕೆದರಿಕೊಂಡು ಕೂತಿದ್ದ ಅದು ಮತ್ತೆ ಮೇಲೇಳಲಿಲ್ಲ. ಅವತ್ತು ನಮ್ಮವರು ಅನ್ನ ಮುಟ್ಟಲಿಲ್ಲ. ಅಂದಿನಿಂದ ಅವರು ಹೂಂ ಎನ್ನುವ ತನಕ ಪೆಟ್ಟಿಗೆ ಅಟ್ಟದಿಂದ ಇಳಿಯಕೂಡದು ಎಂಬುದು ಮನೆಯ ಕಾನೂನು.

ಆ ಬೆಳಿಗ್ಗೆ ಪೆಟ್ಟಿಗೆ ಆಗಲೇ ಇಳಿದು ಮೇಜಿನ ಮೇಲೆ ಕೂತಿತ್ತು. ಇಳಿಸಿದವರು ಅತ್ತಿಗೆ, ನಮ್ಮವರ ಅಕ್ಕ. ನಮ್ಮ ಜೊತೆಯಲ್ಲೇ ಇರುವ ಅವರಿಗೆ ಮನೆಯಲ್ಲಿ ಮರಿಗಳ ಸದ್ದು ಕೇಳಬೇಕೆಂಬ ಆಸೆ ಹತ್ತಿಕೊಂಡಿತ್ತು. ಹೊಸದಾಗಿ ತಂದ ಹೆಣ್ಣಿಗೆ ಚೂರಿ ಎಂದು ಹೆಸರಿಟ್ಟವರೂ ಅವರೇ, ಮೊದಲ ದಿನವೇ ಅವರ ಬೆರಳು ಕಚ್ಚಿತ್ತು. ಗಂಡಿನ ಹೆಸರು ಗೊಣಗ. ಕನ್ನಡಿಯ ಮುಂದೆ ಕೂತು ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುವುದು ಅದರ ಕಸುಬು.

ನಮ್ಮವರು ಪಂಜರದ ಹತ್ತಿರ ಮುಖ ಒಯ್ದು ಚೂರಿಯನ್ನು ನೋಡಿದರು. ಕೊಕ್ಕಿನ ಬುಡದಲ್ಲಿ ಮೇಣ ಅಂಟಿಸಿದಂತೆ ಕೂತಿರುತ್ತದಲ್ಲ, ಅದೇ ಬಡ್ಜಿಯ ಮೂಗು. ಗಂಡಿಗೆ ಅದು ನೀಲಿ. ಹೆಣ್ಣು ಬಲಿತು ಮರಿ ಮಾಡುವ ಹದಕ್ಕೆ ಬಂದರೆ ಕಂದು. ಎಳೆಯದಾಗಿದ್ದರೆ ಬಿಳಿ, ಅದರಲ್ಲೊಂದಿಷ್ಟು ತೆಳು ನೀಲಿ.

"ಕಂದು ತಿರುಗಿದೆ. ಒಳ್ಳೇ ಹದಕ್ಕೆ ಬಂದಿದೆ ಅಕ್ಕ, ಕಟ್ಟೋಣ."

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಚೂರಿಯ ಮೂಗು ನನ್ನ ಕಣ್ಣಿಗೆ ಸುಣ್ಣದಷ್ಟು ಬೆಳ್ಳಗಿತ್ತು.

ಇದನ್ನು ಯಾರೋ ದಾರಿಹೋಕರು ಹೇಳಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನಮ್ಮವರ ಅನ್ನವೇ ಬಣ್ಣ. ಗುದ್ದಿಸಿಕೊಂಡು ಬಂದ ಕಾರುಗಳನ್ನು ರಿಪೇರಿ ಮಾಡುವ ಗ್ಯಾರೇಜಿನಲ್ಲಿ ಹಳೆಯ ಬಣ್ಣಕ್ಕೆ ಹೊಸ ಬಣ್ಣ ಹೊಂದಿಸಿ ಬೆರೆಸಿಕೊಡುವುದು ಅವರ ಕೆಲಸ. ಅಲ್ಲಿ ಎಲ್ಲರೂ ಅವರನ್ನು ಕರೆಯುವುದು ಬಣ್ಣದ ಮೇಷ್ಟ್ರು ಎಂದೇ. ಬೆರೆಸುವ ಟೇಬಲ್ಲಿಗೆ ಬಣ್ಣ ಅಳೆಯುವ ಕಂಪ್ಯೂಟರ್ ತರಿಸೋಣ ಎಂದು ಓನರ್ ಎರಡು ಸಲ ಹೇಳಿ, ಎರಡು ಸಲವೂ ಇವರ ಕೈಚಳಕ ನೋಡಿ ಬಾಯಿ ಮುಚ್ಚಿಕೊಂಡಿದ್ದರು.

ಅಂಥ ಟೇಬಲ್ಲಿನಿಂದ ಮೊನ್ನೆ ಒಂದು ಬಿಳಿ ಕಾರಿನ ಹೊಸ ಬಾಗಿಲಿಗೆ ಬಣ್ಣ ಹೊರಟಿತ್ತು. ಬಿಸಿಲಿಗೆ ಬಂದರೆ ಕಾರು ಒಂದು ಬಣ್ಣ, ಬಾಗಿಲು ಒಂದು ಬಣ್ಣ. ಬಾಗಿಲಲ್ಲಿ ನೀಲಿ ಎದ್ದು ಕಾಣುತ್ತಿದೆ ಎಂದು ಕಾರಿನವರು ಗ್ಯಾರೇಜ್ ಒಂದು ಮಾಡಿದರಂತೆ. ಬೆರೆಸಿದ್ದು ಸರಿಯಾಗಿಯೇ ಇತ್ತು, ಸ್ಪ್ರೇ ಗನ್ ತೊಳೆಯದೆ ಹೊಡೆದಿದ್ದಾನೆ ಎಂದು ನಮ್ಮವರು ಸ್ಪ್ರೇ ಹೊಡೆಯುವವನ ಕಡೆ ಬೆರಳು ತೋರಿಸಿದರು. ಅವನೇನೂ ನಿನ್ನೆ ಮೊನ್ನೆಯವನಲ್ಲ. ಇವರ ಜೊತೆ ಒಂದೇ ಬೆಂಚಿನಲ್ಲಿ ಬುತ್ತಿ ಬಿಚ್ಚಿ ಉಂಡುಕೊಂಡು ಬಂದವನು, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದವನು. ಅವನು ತಲೆ ತಗ್ಗಿಸಿ ನಿಂತನಂತೆ, ಒಂದು ಮಾತೂ ಆಡಲಿಲ್ಲವಂತೆ. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡ ಓನರ್ ಅವನನ್ನು ಮನೆಗೆ ಕಳಿಸಿದ್ದರು. ಇವತ್ತು ಬೆಳಿಗ್ಗೆ ನಮ್ಮವರು ಹೋಗಿ ಕೊನೆಯ ಮಾತು ಹೇಳಬೇಕಿತ್ತು. ಇವರು ಹೂಂ ಎಂದರೆ ಅವನ ಕೆಲಸ ಹೋದಂತೆಯೇ.

ಈಗ ಇವರ ಕಣ್ಣಿಗೆ ಬಿಳಿ ಮೂಗು ಕಂದಾಗಿ ಕಾಣುತ್ತಿತ್ತು.

ನಾನು ಬಟ್ಟೆ ಹೊಲಿಯುವವಳು. ಬಟ್ಟೆಗೆ ತಕ್ಕ ದಾರ ಆರಿಸಿಕೊಡುವುದು ಮದುವೆಯಾದಾಗಿನಿಂದ ಇವರ ಚಾಕರಿ. ಹೋದ ವಾರ ನೀಲಿ ಬಟ್ಟೆಗೆ ಬೂದು ದಾರ ಕೊಟ್ಟಿದ್ದರು. ಚೇಷ್ಟೆ ಮಾಡುತ್ತಿದ್ದಾರೆ ಎಂದು ನಾನೇ ಎದ್ದು ಬೇರೆ ಉಂಡೆ ತಗೊಂಡಿದ್ದೆ. ಇವರ ಮುಖದಲ್ಲಿ ನಗು ಇರಲಿಲ್ಲವೆಂಬುದು ಪಂಜರದ ಮುಂದೆ ನಿಂತಾಗ ನೆನಪಾಯಿತು.

"ಇನ್ನೂ ಎಳೇದೇನೋ ಅನ್ಸುತ್ತೆ ನಂಗೆ," ಎಂದೆ, ಆದಷ್ಟು ಮೆಲ್ಲಗೆ.

"ಏನಮ್ಮ, ನನ್ನ ತಮ್ಮನಿಗೆ ಬಣ್ಣದ ಪಾಠ ಹೇಳ್ತೀಯಾ?" ಅತ್ತಿಗೆ ಪಂಜರದಿಂದ ಮಾರು ದೂರ ನಿಂತೇ ಕೇಳಿದರು. ಬೆರಳು ಕಚ್ಚಿಸಿಕೊಂಡ ಮೇಲೆ ಅವರು ಹತ್ತಿರ ಸುಳಿಯುತ್ತಿರಲಿಲ್ಲ. ತಮ್ಮ ಎತ್ತು ಈಯಿತು ಎಂದರೂ ಕೊಟ್ಟಿಗೆಗೆ ಕಟ್ಟು ಎನ್ನುವ ಅಕ್ಕ ಅವರು.

"ಅಂಗಡಿಯವನೂ ವಯಸ್ಸಿಗೆ ಬಂದಿದೆ ಅಂದಿದ್ದ. ಕಟ್ಟೋದೇ," ಎಂದರು ನಮ್ಮವರು. "ಬೇಗ ಆಗ್ಲಿ, ನಾನು ಹೊರಡ್ಬೇಕು. ಓನರ್ ಕಾಯ್ತಿರ್ತಾರೆ."

ಅತ್ತ ದರಿ, ಇತ್ತ ಪುಲಿ. ಸುಮ್ಮನಿದ್ದರೆ ಚೂರಿ ಮೊಟ್ಟೆ ಸಿಕ್ಕಿಕೊಂಡು ಸಾಯುತ್ತದೆ, ಸ್ಪ್ರೇಯವನು ಬೀದಿಗೆ ಬೀಳುತ್ತಾನೆ. ಬಾಯಿ ಬಿಟ್ಟರೆ ಇವರ ಟೇಬಲ್ ಹೋಗುತ್ತದೆ. ಟೇಬಲ್ ಹೋದರೆ ಇವರು ಏನು ಮಾಡಿಯಾರು, ಮನೆ ನನ್ನ ಮೆಷೀನಿನ ಮೇಲೆ ಎಷ್ಟು ಕಾಲ ಓಡೀತು? ಒಂದು ಗಳಿಗೆ ಸುಮ್ಮನಿರೋಣ ಎಂದೂ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೆ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಅಷ್ಟು ಸುಲಭವಾಗಿ ಕಂದು ಎಂದುಬಿಟ್ಟರಲ್ಲ, ಅಷ್ಟೇ ಸುಲಭವಾಗಿ ಗನ್ ತೊಳೆದಿಲ್ಲ ಎಂದೂ ಹೇಳಿರಬೇಕು ಎನ್ನಿಸಿ ಮೈ ಉರಿಯಿತು.

ಅತ್ತಿಗೆಯ ಎದುರು ಮಾತ್ರ ಇದು ಬೇಡವಾಗಿತ್ತು.

"ಅತ್ತಿಗೆ, ಪೆಟ್ಟಿಗೆಯ ಕೊಕ್ಕೆ ಸಡಿಲ ಆಗಿದೆ. ಕೆಳಗಿನ ಮನೆಯವರ ಹತ್ರ ಸುತ್ತಿಗೆ ಇಸ್ಕೊಂಡು ಬರ್ತೀರಾ?"

ಅವರು ಗೊಣಗುತ್ತಾ ಮೆಟ್ಟಿಲಿಳಿದರು. ಚಪ್ಪಲಿಯ ಸದ್ದು ಕೆಳಗೆ ಹೋಗುವವರೆಗೆ ಕಾದು ಬಾಗಿಲು ಮುಂದೆ ಮಾಡಿದೆ.

"ರೀ, ಚೂರಿ ಹಣೆ ಮೇಲೆ ಗೆರೆ ಇದೆಯಾ ನೋಡಿ."

ಎಳೆಯ ಬಡ್ಜಿಯ ಹಣೆಯ ಮೇಲೆ ಕಪ್ಪು ಗೆರೆಗಳು ಮೂಗಿನ ತನಕ ಇಳಿದಿರುತ್ತವೆ. ಮೊದಲ ಸಲ ಪುಕ್ಕ ಉದುರಿದ ಮೇಲೆ ಅವು ಮಾಯವಾಗಿ ಹಣೆ ತಿಳಿಯಾಗುತ್ತದೆ. ಇದನ್ನು ನನಗೆ ಕಲಿಸಿದವರು ಇವರೇ.

ಅವರು ಬಗ್ಗಿದರು, ಕಣ್ಣು ಕಿರಿದು ಮಾಡಿದರು, ಪಂಜರವನ್ನು ಕಿಟಕಿಯ ಕಡೆ ಜರುಗಿಸಿದರು. ಬಿಸಿಲು ನೇರ ಚೂರಿಯ ಮುಖಕ್ಕೇ ಬಿತ್ತು.

"ಇಲ್ಲ. ಹಣೆ ತಿಳಿಯಾಗಿದೆ."

"ಮೂಗಿನ ತನಕ ಗೆರೆ ಇದಾವೆ ರೀ. ನಂಗೆ ಇಲ್ಲಿಂದಲೇ ಕಾಣ್ತಿದೆ."

ಅವರು ಸೆಟೆದು ನಿಂತರು. "ಏನು ಹೇಳ್ತಿದೀಯ ನೀನು?"

"ಕಾಣ್ತಿರೋದು ಹೇಳ್ತಿದೀನಿ."

"ಬೆಳಿಗ್ಗೆ ಬೆಳಿಗ್ಗೆ ತಲೆ ತಿನ್ಬೇಡ. ನಿನ್ನ ಸೂಜಿ ದಾರ ನೀನು ನೋಡ್ಕೋ. ಇದು ನನಗೆ ಬಿಡು."

"ದಾರದಲ್ಲೂ ಹೀಗೇ ಆಯ್ತು. ನೀಲಿ ಬಟ್ಟೆಗೆ ಬೂದು ದಾರ ಕೊಟ್ರಿ."

ಅವರ ಮುಖ ಕೆಂಪೇರಿತು. ಇಷ್ಟು ವರ್ಷದಲ್ಲಿ ಕೈ ಎತ್ತಿದವರಲ್ಲ, ದನಿಯೂ ಎತ್ತಿದವರಲ್ಲ. ಈಗ ಪೆಟ್ಟಿಗೆಯನ್ನು ಕಸಿದುಕೊಂಡು ಪಂಜರದ ಬಾಗಿಲಿಗೆ ಒತ್ತಿ ಹಿಡಿದರು. ಕೊಕ್ಕೆ ಗಟ್ಟಿಯಾಗಿಯೇ ಇತ್ತು. ಅದು ನನಗೂ ಗೊತ್ತಿತ್ತು, ಈಗ ಅವರಿಗೂ ಗೊತ್ತಾಯಿತು. ಕಂಬಿಗೆ ಕೊಕ್ಕೆ ಸಿಕ್ಕಿಸಲು ಹೋದರು, ಅದು ಕಂಬಿಯ ಪಕ್ಕದ ಗಾಳಿಗೆ ಬಿತ್ತು. ಇನ್ನೊಮ್ಮೆ ಹೋದರು, ಮತ್ತೆ ತಪ್ಪಿತು. ಹಕ್ಕಿಗಳೆರಡೂ ರೆಕ್ಕೆ ಬಡಿದು ಎದುರು ಮೂಲೆಗೆ ಹಾರಿದವು. ನನಗೆ ಅಳು ಬಂತು. ಅಳುವುದಕ್ಕೆ ಹೊತ್ತಿರಲಿಲ್ಲ, ಅತ್ತಿಗೆ ಯಾವ ಕ್ಷಣದಲ್ಲಾದರೂ ಬರಬಹುದಿತ್ತು.

ಪಂಜರದೊಳಗೆ ಕೈ ಹಾಕಿ ಚೂರಿಯನ್ನು ಹಿಡಿದುಬಿಟ್ಟೆ. ಅದು ಹೆಸರಿಗೆ ತಕ್ಕಂತೆ ಹೆಬ್ಬೆರಳಿಗೆ ಬಾಯಿ ಹಾಕಿತು. ಬಿಡದೆ ಅಂಗೈಯಲ್ಲಿ ಮಲಗಿಸಿ, ತಲೆಯನ್ನು ಎರಡು ಬೆರಳ ನಡುವೆ ಮೆತ್ತಗೆ ಸೇರಿಸಿಕೊಂಡು ಅವರ ಮುಂದೆ ಹಿಡಿದೆ.

"ಕಣ್ಣು ಮುಚ್ಚಿ," ಎಂದೆ.

"ಹುಚ್ಚು ಗಿಚ್ಚು ಹಿಡಿದಿದೆಯಾ ನಿಂಗೆ?"

"ಗ್ಯಾರೇಜಲ್ಲಿ ತಗ್ಗಿಗೆ ಪುಟ್ಟಿ ಮೆತ್ತಿ ಉಜ್ಜಿದ ಮೇಲೆ ನುಣುಪು ಬಂತಾ ಇಲ್ವಾ ಅಂತ ಹೇಗೆ ನೋಡ್ತೀರಿ? ಕಣ್ಣು ಮುಚ್ಚಿ ಬೆರಳಲ್ಲಿ ತಾನೇ? ಕಣ್ಣು ಮೋಸ ಮಾಡುತ್ತೆ, ಬೆರಳು ಮಾಡಲ್ಲ ಅಂತ ನೀವೇ ಹೇಳೋದು. ಹಾಗೇ ನೋಡಿ."

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ನಿಧಾನವಾಗಿ ಕಣ್ಣು ಮುಚ್ಚಿದರು.

ಹದಕ್ಕೆ ಬಂದ ಹೆಣ್ಣಿನ ಮೂಗು ಬರೀ ಕಂದಾಗಿರುವುದಿಲ್ಲ, ಮರದ ತೊಗಟೆಯ ಹಾಗೆ ಪದರ ಎದ್ದು ಒರಟಾಗಿರುತ್ತದೆ. ಎಳೆಯದರ ಮೂಗು ನುಣ್ಣಗೆ. ಅವರ ತೋರುಬೆರಳು ಗಾಳಿಯಲ್ಲಿ ಒಂದಿಷ್ಟು ತಡಕಾಡಿತು. ನಾನು ಕೈ ಮುಂದೆ ತಂದೆ. ಬೆರಳ ತುದಿ ಚೂರಿಯ ಮೂಗಿನ ಮೇಲೆ ಬಂದು ನಿಂತಿತು, ಮೇಲಿನಿಂದ ಕೆಳಗೆ ಒಮ್ಮೆ ಸರಿಯಿತು. ಇನ್ನೊಮ್ಮೆ ಸರಿಯಿತು. ಹಕ್ಕಿಯ ಎದೆಬಡಿತ ನನ್ನ ಅಂಗೈಯಲ್ಲಿ ಓಡುತ್ತಿತ್ತು.

ಅವರು ಕಣ್ಣು ತೆರೆಯದೆ ಕೇಳಿದರು. "ಯಾವ ಬಣ್ಣ?"

"ಬಿಳಿ. ಮೂಗಿನ ಹೊಳ್ಳೆ ಸುತ್ತ ತೆಳು ನೀಲಿ."

"ನೀಲಿ ಎಷ್ಟಿದೆ?"

"ಚೆನ್ನಾಗಿ ಕಾಣೋ ಅಷ್ಟಿದೆ ರೀ."

ಚೂರಿಯನ್ನು ಒಳಗೆ ಬಿಟ್ಟೆ. ಅವರು ನನ್ನ ಹೊಲಿಗೆಯ ಸ್ಟೂಲಿನ ಮೇಲೆ ಕೂತರು. ಕಣ್ಣು ತೆರೆದಾಗ ನೀರು ತುಂಬಿತ್ತು. "ನಂಗೆ ನೀಲಿ ಸಾಲ್ದು ಅನ್ಸುತ್ತಿತ್ತು," ಎಂದರು. "ಆ ಬಾಗಿಲಿಗೆ. ಹಾಕಿದ್ರೂ ಹಾಕಿದ್ರೂ ಸಾಲ್ದು ಅನ್ಸುತ್ತಿತ್ತು." ಅವರ ತಲೆಯನ್ನು ಹೊಟ್ಟೆಗೆ ಒರಗಿಸಿಕೊಂಡು ನಿಂತೆ.

ಬಾಗಿಲು ತಳ್ಳಿಕೊಂಡು ಅತ್ತಿಗೆ ಸುತ್ತಿಗೆ ಸಮೇತ ಬಂದರು. ನಾನು ದೂರ ಸರಿದೆ. ನಮ್ಮವರು ಎದ್ದು ಪೆಟ್ಟಿಗೆಯನ್ನು ಅವರ ಕೈಗೇ ಕೊಟ್ಟರು.

"ಮೇಲಿಟ್ಬಿಡು ಅಕ್ಕ. ಇನ್ನೂ ಎಳೇದು."

"ಈಗ ತಾನೇ ಕಂದು ಅಂದ್ಯಲ್ಲೋ."

"ತಪ್ಪು ನೋಡಿದ್ದೆ."

"ನೀನು? ಬಣ್ಣಾನ?" ಅತ್ತಿಗೆ ನಗಲು ಹೊರಟು ತಮ್ಮನ ಮುಖ ನೋಡಿ ನಿಲ್ಲಿಸಿದರು. ಪೆಟ್ಟಿಗೆ ಹಿಡಿದುಕೊಂಡು ಒಳಗೆ ಹೋದರು. ಜೀವಮಾನದಲ್ಲಿ ಅವರು ಅಷ್ಟು ಬೇಗ ಸುಮ್ಮನಾದದ್ದು ನಾನು ಕಂಡಿಲ್ಲ.

ಮೇಜಿನ ಮೇಲೆ ಫೋನ್ ಗುಯ್‌ಗುಟ್ಟಿತು. ಓನರ್. ಅದು ಬಡಿದುಕೊಳ್ಳುತ್ತಲೇ ಇತ್ತು, ನಾವಿಬ್ಬರೂ ಅದನ್ನೇ ನೋಡುತ್ತಾ ನಿಂತೆವು. ಎತ್ತಿ ಒಂದು ಹೂಂ ಎಂದರೆ ಟೇಬಲ್ ಉಳಿಯುತ್ತಿತ್ತು, ಕನಿಷ್ಠ ಮುಂದಿನ ಬಾಗಿಲಿನ ತನಕ. ನಾನು ಹೇಳಬೇಕಾದದ್ದನ್ನು ಹೇಳಿ ಆಗಿತ್ತು, ಇನ್ನುಳಿದದ್ದು ಅವರದು. ಸದ್ದು ತಾನಾಗಿಯೇ ನಿಂತಿತು.

"ಸ್ಪ್ರೇಯವನ ನಂಬರ್ ಹಚ್ಚಿಕೊಡು," ಎಂದರು.

ಹೊಲಿಯುವಾಗ ಕೈ ಬಿಡುವಿಲ್ಲದೆ ನನಗೆ ಫೋನನ್ನು ಸ್ಪೀಕರಿಗೆ ಹಾಕಿಯೇ ಅಭ್ಯಾಸ. ಈಗಲೂ ಹಾಗೇ ಹಾಕಿ ಅವರ ಅಂಗೈಯಲ್ಲಿಟ್ಟೆ. ಆ ಕಡೆ ಎತ್ತಿದ್ದು ಕೇಳಿ ನಮ್ಮವರು ಫೋನನ್ನು ಬಾಯಿಯ ಹತ್ತಿರ ತಂದರು. ಅವನು ಬೈದರೆ ಬೈಸಿಕೊಳ್ಳಲು ಸಿದ್ಧವಾದಂತೆ ಭುಜ ಬಾಗಿತ್ತು.

"ನಾನು ಕಣಯ್ಯ. ಆ ಬಾಗಿಲಿನ ತಪ್ಪು ನಿಂದಲ್ಲ, ನಂದು. ಈಗಲೇ ಓನರ್ ಹತ್ರ ಹೋಗಿ ಹೇಳ್ತೀನಿ. ನೀನು ಕೆಲಸಕ್ಕೆ ಬಾ."

ಆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು.

"ಕಣ್ಣು ಯಾರಿಗಾದ್ರೂ ತೋರಿಸಿದ್ರಾ ಮೇಷ್ಟ್ರೆ?"

ನಮ್ಮವರು ನನ್ನ ಕಡೆ ನೋಡಿದರು. ಕಣ್ಣಿನ ಸುದ್ದಿಯನ್ನು ಅವರು ಎತ್ತಿರಲೇ ಇಲ್ಲ.

"ನಿಂಗೆ ಗೊತ್ತಿತ್ತಾ?"

"ಸುಮಾರು ದಿನದಿಂದ. ನೀವು ಬೆರೆಸಿಟ್ಟಿದ್ದನ್ನ ಹೊಡೆಯೋಕೆ ಮುಂಚೆ ನಾನು ಒಂದಿಷ್ಟು ಬಿಳಿ ಹಾಕಿ ಸರಿ ಮಾಡ್ಕೊಳ್ತಿದ್ದೆ. ಅವತ್ತು ಅಮ್ಮಂಗೆ ಹುಷಾರಿಲ್ಲ ಅಂತ ಫೋನ್ ಬಂತು, ಆ ಗಡಿಬಿಡೀಲಿ ಮರೆತುಬಿಟ್ಟೆ."

"ಮತ್ತೆ ಓನರ್ ಮುಂದೆ ಯಾಕೋ ಸುಮ್ನಿದ್ದೆ?"

"ಏನು ಅಂತ ಹೇಳೋದು ಮೇಷ್ಟ್ರೆ."

ನಮ್ಮವರು ಚಪ್ಪಲಿ ಮೆಟ್ಟಿಕೊಳ್ಳುತ್ತಾ, ನಾನೇ ನಿಮ್ಮ ಮನೆಗೆ ಬರ್ತೀನಿ, ಇಬ್ಬರೂ ಸೇರಿ ಹೋಗೋಣ ಎಂದರು.

"ನೀವು ಬರ್ಬೇಡಿ," ಎಂದನವನು. "ದೊಡ್ಡ ರಸ್ತೆ ದಾಟ್ಬೇಕು. ನಾನೇ ಬಂದು ಕರ್ಕೊಂಡು ಹೋಗ್ತೀನಿ, ಮನೇಲೇ ಇರಿ."