ಬರೆ ಇದ್ದ ಜಾಗ

ಹೊಗೆ, ಹಿತ್ತಲ ಕಡೆಯಿಂದ, ಕಿಟಕಿಯ ಸರಳಿನೊಳಗೆ ತೂರಿ ಬಂದು ಮೂಗಿನ ತುದಿಗೆ ತಾಗುತ್ತಿದೆ, ಸೀನು ಬಂದರೆ ಕೆಟ್ಟೆ, ಸೀನಬೇಡ ಶಾಂಭವಿ, ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿ, ಸೀನಿದರೆ ಈ ಸೊಂಟದಿಂದ ಆ ಸೊಂಟದವರೆಗಿನ ಹೊಲಿಗೆಯೆಲ್ಲ ಒಂದೇ ಸಲ ಎದ್ದು ಕೂರುತ್ತದೆ — ಹಾಂ, ಹೋಯಿತು, ಬಚಾವ್. ಮನೆಯಲ್ಲಿ ಗೀಸರ್ ಇದೆ, ಆದರೂ ಅವ್ವ ಹಿತ್ತಲಲ್ಲಿ ಕಲ್ಲು ಹೂಡಿ ಹಂಡೆ ಏರಿಸಿದ್ದಾಳೆ, ಕರೆಂಟಿನ ನೀರು ಮೈಗೆ ಹತ್ತೂದಿಲ್ಲವ್ವಾ, ಕಟಗೀ ಉರಿಯಾಗ ಕಾಸಿದ್ದು ನೋವು ಎಳಕೊಂತೈತಿ, ಎಂದು ಬೆಳಿಗ್ಗೆಯೇ ತೀರ್ಪು ಕೊಟ್ಟಳು, ಗಂಗಾವತಿಯ ಈ ಮನೆಯಲ್ಲಿ ನನ್ನ ಅವ್ವನ ತೀರ್ಪಿಗೆ ಮೇಲ್ಮನವಿ ಇಲ್ಲ, ಅತ್ತೆ ಗುರುಲಿಂಗಮ್ಮನವರೇ ಸುಮ್ಮನಾದರು. ಇವತ್ತು ಮೊದಲ ಸ್ನಾನ. ಗಾಯದ ನಳಿಕೆಗಳನ್ನು ತೆಗೆದಾಗಿದೆ, ಹೊಟ್ಟೆಯ ಬೆಲ್ಟ್ ಬಿಚ್ಚಿ ಸ್ನಾನ ಮಾಡಿ ಒತ್ತಿ ಒರೆಸಿ ಮತ್ತೆ ಬಿಗಿದುಕೊಳ್ಳಿ ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದ್ದಾರೆ, ಬಿಚ್ಚುವವರು ಯಾರು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಿದ್ದೇಶ ಇದ್ದಿದ್ದರೆ ಅವರೇ ಬಿಚ್ಚುತ್ತಿದ್ದರು, ಭತ್ತದ ವ್ಯವಹಾರ ಅಂತ ಕುಷ್ಟಗಿಗೆ ಹೋಗಿದ್ದಾರೆ, ಹೋಗುವಾಗ ಬಾಗಿಲಲ್ಲಿ ನಿಂತು, ನಾ ಬರೂತನಾ ತಡೀತಿಯೇನು, ಎಂದರು, ಅವ್ವ ಅಡುಗೆಮನೆಯಿಂದಲೇ, ನಾ ಸತ್ತೀನೇನ್ರಿ ಅಳಿಯಂದ್ರ, ಎಂದಳು, ಅಲ್ಲಿಗೆ ಮುಗಿಯಿತು. ಅವ್ವ ಬಿಚ್ಚುತ್ತಾಳೆ. ಅವ್ವ ನೋಡುತ್ತಾಳೆ. ಅವಳಿಗೆ ಗೊತ್ತಿರುವುದು ಹರ್ನಿಯಾ ಅಂತ, ಅತ್ತೆಗೂ ಕಾಲೇಜಿನವರಿಗೂ ಗೊತ್ತಿರುವುದು ಅದೇ, ನಿಜ ಗೊತ್ತಿರುವುದು ಸಿದ್ದೇಶನಿಗೆ ಮತ್ತು ನನಗೆ, ಮತ್ತು ಈ ಹೊಟ್ಟೆಗೆ. ಕಿಟಕಿಯಿಂದ ಒಲೆಯ ಬಾಯಿ ಕಾಣುತ್ತದೆ, ಕೆಂಡ, ಕೆಂಡದೊಳಗೆ ಏನೋ ಹಸಿರು ಮಿಂಚಿದ ಹಾಗೆ — ಇಲ್ಲ, ಬೇವಿನ ಹಸಿ ಕಡ್ಡಿ ಇರಬೇಕು, ಈ ಹೊಗೆಗೆ ಅದೇ ಕಾರಣ.

ಹೊಟ್ಟೆ ಬೇಡವಾಗಿತ್ತು, ಅಷ್ಟೇ. ಇಷ್ಟು ಸಣ್ಣ ಮಾತನ್ನು ಯಾರ ಮುಂದೆಯೂ ಹೇಳಲಾಗುವುದಿಲ್ಲ, ಹೇಳಿದರೆ ಅತ್ತೆ, ಹುಲೀನ್ನ ನೋಡಿ ನರಿ ಬರಿ ಹಾಕ್ಕೊಂತಂತ, ಎನ್ನುತ್ತಾರೆ, ಬರೆ ನನಗೆ ಹುಟ್ಟುತ್ತಲೇ ಬಿದ್ದಿದೆ ಅತ್ತೇರ, ಹೊಸದಾಗಿ ಹಾಕಿಕೊಳ್ಳುವುದೇನಿಲ್ಲ. ಎರಡು ಸಿಸೇರಿಯನ್ ಆದ ಮೇಲೆ ಹೊಕ್ಕಳಿನ ಕೆಳಗಿನ ಚರ್ಮ ಅರ್ಧ ಖಾಲಿಯಾದ ಗೋಣಿಚೀಲದ ಹಾಗೆ ಜೋತುಬಿತ್ತು, ನಡೆದೆ, ಯೋಗ ಮಾಡಿದೆ, ಅನ್ನ ಬಿಟ್ಟೆ — ಗಂಗಾವತಿಯಲ್ಲಿ ಅನ್ನ ಬಿಡುವುದೆಂದರೆ ಮನೆತನಕ್ಕೇ ಅವಮಾನ — ಕೈಕಾಲು ಸೊರಗಿದವು, ಹೊಟ್ಟೆ ಮಾತ್ರ ತನ್ನ ಜಾಗ ಬಿಡಲಿಲ್ಲ. ಚರ್ಮದ ಪದರಗಳ ಚಿತ್ರವನ್ನು ಪಿಯುಸಿ ಹುಡುಗರಿಗೆ ಬೋರ್ಡಿನ ಮೇಲೆ ಬಿಡಿಸಿ ತೋರಿಸುವವಳು ನಾನು, ಒಮ್ಮೆ ಹಿಗ್ಗಿ ಹರಿದ ನಾರು ಮತ್ತೆ ಕೂಡುವುದಿಲ್ಲ ಎಂದು ಗೊತ್ತು, ಗೊತ್ತಿದ್ದೂ ನಡೆದೆ. ಆಮೇಲೆ ಯಲಬುರ್ಗಾದ ಕುಬಸ. ಸಿದ್ದೇಶನ ತಂಗಿ ಸುರೇಖಾ ಏಳು ತಿಂಗಳ ಬಸುರಿ, ಹಸಿರು ಸೀರೆ, ಕೈತುಂಬ ಹಸಿರು ಬಳೆ, ಆರತಿ ಆಯಿತು, ಹೆಂಗಸರೆಲ್ಲ ಸರದಿಯಂತೆ ಅವಳ ಉಡಿ ತುಂಬಿದರು, ನಾನು ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದೆ, ಯಾವುದೋ ಬೀಗರ ಮುದುಕಿ, ಕಣ್ಣಿಗೆ ಪೊರೆ ಬಂದಾಕೆ, ಸುರೇಖಾಳ ಉಡಿಗೆ ಅಕ್ಕಿ ಕೊಬ್ಬರಿ ಹಾಕಿದವಳೇ ನನ್ನ ಕಡೆ ತಿರುಗಿ, ನಿನಗ ಎಷ್ಟರಾಗ ಐತವ್ವಾ, ಎಂದು ನನ್ನ ಸೆರಗನ್ನೂ ಹಿಡಿದು ಅಕ್ಕಿ ಸುರಿದಳು. ಒಬ್ಬರೂ ನಗಲಿಲ್ಲ. ಉಡಿ ತುಂಬಿದ್ದನ್ನು ಕೊಡವಬಾರದು, ಅದು ಶಾಸ್ತ್ರ, ನಲವತ್ತೊಂದರ ನಾನು, ಎತ್ತರ ಬೆಳೆದ ಇಬ್ಬರು ಮಕ್ಕಳ ತಾಯಿ, ಆ ಅಕ್ಕಿಯನ್ನು ಸೆರಗಲ್ಲಿ ಕಟ್ಟಿಕೊಂಡು ಊಟ ಮುಗಿಯುವವರೆಗೆ ಕೂತೆ, ಕಾರಿನಲ್ಲಿಯೂ ಕಟ್ಟಿಕೊಂಡೇ ಬಂದೆ, ಸಿದ್ದೇಶ ಏನೋ ತಮಾಷೆ ಮಾಡಹೊರಟವರು ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಸಿಟ್ಟು ಮುದುಕಿಯ ಮೇಲಿರಲಿಲ್ಲ, ಪಾಪ, ಅವಳು ಕಂಡದ್ದನ್ನು ಹರಸಿದಳು.

ಡಾಕ್ಟರನ್ನು ಹುಡುಕುವುದು ಗಂಡು ಹುಡುಕಿದ್ದಕ್ಕಿಂತ ಕಷ್ಟವಾಯಿತು, ಗಂಡನ್ನಾದರೆ ಬೇರೆಯವರು ಹುಡುಕಿದ್ದರು. ಮೊದಲು ಫೋನಿನಲ್ಲಿ ಬಂದವರು, ಹಬ್ಬದ ರಿಯಾಯಿತಿ ಇದೆ ಮೇಡಂ, ಫೋಟೋ ವಾಟ್ಸಾಪ್ ಮಾಡಿ, ಹೊಟ್ಟೆ ಜೊತೆ ತೋಳೂ ಮಾಡಿಕೊಡ್ತೀವಿ, ಎಂದು ಉಲಿಯುವ ಹುಡುಗಿ, ಕೊಯ್ಯುವವರು ಯಾರಮ್ಮಾ ಎಂದರೆ, ನಮ್ಮ ಟೀಮ್ ಮೇಡಂ, ಟೀಮಿಗೆ ಹೆಸರಿರಲಿಲ್ಲ, ಬಿಟ್ಟೆ. ಆಮೇಲೆ ಹುಬ್ಬಳ್ಳಿಯ ಗಾಜಿನ ಕಟ್ಟಡದ ಡಾಕ್ಟರ್, ಓದಿಕೊಂಡವರು, ಹೆಸರಿನ ಮುಂದೆ ಬೇಕಾದ ಅಕ್ಷರಗಳೆಲ್ಲ ಇದ್ದವು, ನೋಂದಣಿಯನ್ನೂ ಹುಡುಕಿ ನೋಡಿಕೊಂಡೇ ಹೋಗಿದ್ದೆ, ದರ್ಜಿಯ ಹಾಗೆ ಪೆನ್ನಿನಲ್ಲಿ ಹೊಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದವರು ನಿಲ್ಲಿಸಿ, ಇದೇನು, ಸಿಗರೇಟಾ, ಮನೆಯಲ್ಲಿ ಯಾರಾದರೂ ಸುಡ್ತಾರಾ, ಎಂದರು. ನಾಲ್ಕು ಬರೆ, ಹೊಕ್ಕಳಿನಿಂದ ಮೇಲೆ ಎರಡು, ಕೆಳಗೆ ಎರಡು, ತೊಗರಿಬೇಳೆಯಷ್ಟಿದ್ದವು ನನ್ನ ಜೊತೆ ಬೆಳೆದು ಎಂಟಾಣೆಯಷ್ಟಾಗಿದ್ದವು. ಕಾಸಿದ ಬಳೆಚೂರು ಸಾರ್, ಕೂಸಿದ್ದಾಗ ಹಾಕಿದ್ದು, ಎಂದೆ, ಅವರು ಕಲಿಯುವ ಹುಡುಗರನ್ನು ಕರೆದು, ನೋಡಿ, ಹಿಂದುಳಿದ ಕಡೆ ಇನ್ನೂ ಹೀಗಿದೆ, ಎಂದು ನನ್ನ ಹೊಟ್ಟೆಯನ್ನು ಪಾಠ ಮಾಡಿದರು, ಹುಡುಗರು ಇಣುಕಿದರು, ಆ ಮೇಜಿನ ಮೇಲೆ ಅಂಗಾತ ಮಲಗಿ ನನಗೆ ನಾಚಿಕೆಯಾಯಿತು, ನನ್ನ ಬಗ್ಗೆ ಅಲ್ಲ, ಅವ್ವನ ಪರವಾಗಿ. ಮೂರನೆಯವರು ಅದೇ ಊರಿನ ಹಳೆಯ ಕಟ್ಟಡದ ಡಾಕ್ಟರಮ್ಮ, ಹೊರಗಿನ ಬೆಂಚಿನಲ್ಲಿ ಕೂತವರೆಲ್ಲ ಸ್ಟೌ ಸುಟ್ಟವರು, ಬೆರಳು ಅಂಟಿದವರು, ಚೆಂದಕ್ಕಾಗಿ ಬಂದವಳು ನಾನೊಬ್ಬಳೇ, ಒಳಗೆ ಹೋದರೆ ಶುಗರ್ ಇಲ್ಲವಲ್ಲ, ಇನ್ನು ಮಕ್ಕಳು ಬೇಡವಲ್ಲ ಎಂದು ಕೇಳಿ, ಕೊಯ್ದ ಕಲೆ ಹೋಗೂದಿಲ್ಲವ್ವಾ, ಸೀರಿ ಒಳಗ ಅಡಗತೈತಿ ಅಷ್ಟ, ಎಂದು ಮೊದಲೇ ಹೇಳಿ, ಬರೆಗಳ ಮೇಲೆ ಹೆಬ್ಬೆರಳಾಡಿಸಿ, ಯಾವೂರು, ಎಂದರು. ತವರು ಇರಕಲ್ಲಗಡ ರಿ. ಹಾಂ, ಕೊಪ್ಪಳದ ಕಡೆ, ಎಂದರು. ಮುಗಿಯಿತು. ಆ ಹಾಂ ಎಂಬುದಕ್ಕೇ ನಾನು ಆ ಡಾಕ್ಟರನ್ನು ಆರಿಸಿದ್ದು, ಬೇರೆ ಕಾರಣಗಳನ್ನೆಲ್ಲ ಸಿದ್ದೇಶನಿಗೆ ಹೇಳಲೆಂದು ಆಮೇಲೆ ಜೋಡಿಸಿಕೊಂಡೆ. ಕೆಳಗಿನವೆರಡು ಚರ್ಮದ ಜೊತೆ ಹೋಗತಾವ, ಮ್ಯಾಲಿನವೆರಡು ಎಳದಾಗ ಕೆಳಗ ಇಳೀತಾವ, ಹೊಕ್ಕಳಿಗೆ ಬ್ಯಾರೆ ತೂತು ಮಾಡತೀನಿ, ಎಂದರು, ಸರಿ ರಿ ಎಂದೆ, ಎಷ್ಟು ಸಲೀಸಾಗಿ ಎಂದೆ.

ಗಡಿಗೆ ನೆನಪಾಗುತ್ತದೆ, ಯಾಕೋ. ನನ್ನ ಎರಡೂ ಹೆರಿಗೆಯಲ್ಲಿ ಅವ್ವ ಆಸ್ಪತ್ರೆಯ ಬಾಗಿಲಲ್ಲಿ ಮಣ್ಣಿನ ಗಡಿಗೆ ಹಿಡಿದು ನಿಂತು, ಮಾಸು ಕೊಡ್ರಿ, ಹೊಕ್ಕಳಬಳ್ಳಿ ಕೊಡ್ರಿ ಎಂದು ಕಾಡಿ ಇಸಿದುಕೊಂಡು ಹೋಗಿ ಇರಕಲ್ಲಗಡದ ಬಚ್ಚಲ ಹಿಂದೆ ಹುಗಿದು ಕಲ್ಲಿಟ್ಟವಳು, ನನ್ನದೂ ಅಲ್ಲೇ ಇದೆ, ಮೈಯಿಂದ ಬಿದ್ದದ್ದು ಮಣ್ಣಾಗ ಹೋಗಬೇಕವ್ವಾ, ನಾಯಿ ಪಾಲಾಗಬಾರದು, ಬೆಂಕಿ ಪಾಲಾಗಬಾರದು. ಬೆಂಕಿಯ ಮಾತು ಅವಳ ಬಾಯಲ್ಲಿ. ಆ ಕಥೆಯನ್ನು ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಕಣ್ಣಾರೆ ಕಂಡ ಹಾಗೆ — ಹುಟ್ಟಿ ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ, ಹೊಟ್ಟೆ ಉಬ್ಬಿ ನೀಲಿಯಾಗಿದ್ದೆ, ಮೊಲೆ ಹಿಡಿಯುತ್ತಿರಲಿಲ್ಲ, ಸೂಲಗಿತ್ತಿ ಪಕ್ಕೀರವ್ವ ಬಂದು ನೋಡಿ, ಬರಿ ಹಾಕಬೇಕು, ಹಡದಾಕೀನ ಹಾಕಬೇಕು, ಎಂದಳು, ಅವ್ವ ಕುಬಸದಲ್ಲಿ ತೊಟ್ಟ ಹಸಿರು ಬಳೆಗಳಲ್ಲೊಂದನ್ನು ಕೈಯಿಂದಲೇ ಕಲ್ಲಿಗೆ ಬಡಿದು ಚೂರು ಆರಿಸಿ ಕೆಂಡದಲ್ಲಿಟ್ಟಳು, ಕೆಂಡದಲ್ಲಿ ಹಸಿರು ಬಳೆಯ ಚೂರು, ಒಂದು ತುದಿ ಕೆಂಪಗೆ, ಇಕ್ಕಳ ಹಿಡಿದ ತುದಿ ಇನ್ನೂ ಹಸಿರು. ನಾಕನೇದ್ದು ಹಾಕಿದ ಕೂಡ್ಲೇ ಚಿಟ್ಟನೆ ಚೀರಿದಿ ನೋಡು, ಆ ಮ್ಯಾಲ ಮೊಲಿ ಹಿಡದಿ, ಎಂದು ಹೇಳುವಾಗ ಅವಳ ಮುಖ ಅರಳುತ್ತದೆ, ಅವ್ವ ಜೀವನದಲ್ಲಿ ಮಾಡಿದ ದೊಡ್ಡ ಕೆಲಸ ಅದು. ಹೊಟ್ಟೆಯುಬ್ಬರ ಆ ಹೊತ್ತಿಗೆ ತಾನಾಗಿಯೇ ಇಳಿದಿರಬೇಕು ಎಂದು ನಾನು ಎಂದೂ ಹೇಳಿಲ್ಲ. ಮೊನ್ನೆ ಬಂದಾಗ ಹೊಸ್ತಿಲಲ್ಲಿ ಅವಳ ಚಪ್ಪಲಿ ಇರಲಿಲ್ಲ, ಬಸ್ಸಿನಲ್ಲಿ ಮರೆತಿಯೇನವ್ವಾ ಎಂದರೆ ಹೂಂ ಎಂದಳು. ಇವತ್ತು ಬೆಳಿಗ್ಗೆ ಅವಳು ಕಟ್ಟಿಗೆ ಒಡೆಯುವಾಗ ಅತ್ತೆ ಮಂಚದ ಹತ್ತಿರ ಬಂದು ದನಿ ತಗ್ಗಿಸಿ, ನಿಮ್ಮವ್ವ ಚಪ್ಪಲಿ ಬಿಟ್ಟಾರವ್ವಾ, ಹುಲಿಗೆಮ್ಮಗ ಹರಕಿ ಹೊತ್ತಾರ, ಸಿಹಿನೂ ಮುಟ್ಟವಲ್ರು, ಎಂದರು, ಯಾಕ ಎಂದೆ, ಬರಿ ಹಾಕಿದ್ರ ಹೊಟ್ಟಿ ಒಳಗ ಹುಣ್ಣಾಗತೈತಿ ಅಂತ ಅವರೂರಿಗೆ ಬಂದ ನರ್ಸಬಾಯಿ ಹೇಳಿದ್ಲಂತ, ತಾನು ಸುಟ್ಟಿದ್ದಕ್ಕ ಮಗಳಿಗೆ ಹರ್ನಿಯಾ ಆತು ಅಂತ ಅಳತಾರ, ನಿನ್ನ ಮುಂದ ಹೇಳಬ್ಯಾಡ ಅಂದಾರ. ಆಗ ಏನೂ ಅನ್ನಿಸಲಿಲ್ಲ. ಬೆಲ್ಟಿನ ಕೊಕ್ಕೆಗಳನ್ನು ಬೆರಳಲ್ಲಿ ಮುಟ್ಟುತ್ತಾ ಮಲಗಿದೆ, ಸುಳ್ಳು ಹೇಳುವಾಗ ಅದಕ್ಕೊಂದು ರೋಗ ಬೇಕಿತ್ತು, ಮರ್ಯಾದಸ್ಥ ರೋಗ, ಹರ್ನಿಯಾ ಸಿಕ್ಕಿತು, ಅದು ಹೋಗಿ ಯಾರ ತಲೆಯ ಮೇಲೆ ಕೂರುತ್ತದೆ ಎಂದು ಯೋಚಿಸಿರಲಿಲ್ಲ. ಹೇಳಿಬಿಡಬೇಕು. ಹೇಳಿದರೆ ಮಗಳು ಶೋಕಿಗೆ ಹೊಟ್ಟೆ ಕೊಯ್ಸಿಕೊಂಡಳು ಎಂದಾಗುತ್ತದೆ, ಹೇಳದಿದ್ದರೆ ಅವಳು ಬರಿಗಾಲಲ್ಲಿ ಬಿಸಿಲಿನ ಡಾಂಬರು ತುಳಿಯುತ್ತಾಳೆ.

ಏಳವ್ವಾ, ನೀರು ಕಾದಾವ. ಅವಳ ಹೆಗಲು ಹಿಡಿದು ಬಾಗಿಕೊಂಡೇ ನಡೆಯುತ್ತೇನೆ, ನೆಟ್ಟಗೆ ನಿಲ್ಲಲು ಇನ್ನೂ ಬಾರದು, ಎಪ್ಪತ್ತರ ಅವ್ವ ನೆಟ್ಟಗೆ, ನಾನು ಗೂನಿ, ನೋಡಿದವರು ಯಾರನ್ನು ಯಾರ ತಾಯಿ ಅಂದಾರು. ಬಚ್ಚಲಿನಲ್ಲಿ ಪ್ಲಾಸ್ಟಿಕ್ ಸ್ಟೂಲು, ಹಬೆ, ಅವ್ವ ಸೆರಗು ಸಿಕ್ಕಿಸಿಕೊಂಡು ಮೊಣಕಾಲೂರಿ ಕೂತು ಕೊಕ್ಕೆ ಬಿಚ್ಚುತ್ತಾಳೆ, ಒಂದೊಂದೇ, ಉಸಿರು ಬಿಗಿಹಿಡಿದು, ಬೆಲ್ಟ್ ಸಡಿಲಾಗುತ್ತಲೇ ಹೊಟ್ಟೆ ನನ್ನದಲ್ಲದ ಹಾಗೆ ತಣ್ಣಗಾಗುತ್ತದೆ, ಟೇಪಿನ ಕೆಳಗೆ ಉದ್ದ ಗೆರೆ, ಊದಿದ ಹಳದಿ ನೀಲಿ, ಆದರೆ ಅವ್ವ ಅದನ್ನು ನೋಡುತ್ತಿಲ್ಲ, ಗಾಯವನ್ನು ದಾಟಿ ಅವಳ ಕಣ್ಣು ಬೇರೇನನ್ನೋ ಹುಡುಕುತ್ತಿದೆ, ಬೆರಳು ಮೇಲೆ ಹೋಯಿತು, ಹೊಸ ಹೊಕ್ಕಳಿನ ಮೇಲ್ಗಡೆ, ಅಲ್ಲಿ ಏನೂ ಇಲ್ಲ, ಕೆಳಗೆ ಬಂತು, ಎರಡು ಸಿಕ್ಕವು. ಇವು ಮ್ಯಾಲಿದ್ದುವಲ್ಲವ್ವಾ. ಹೂಂ. ಕೆಳಗಿನವು ಎಲ್ಲಿ, ಎಂದು ಅವಳ ಬೆರಳು ಟೇಪಿನ ಅಂಚಿಗೆ ಬಂದು ನಿಂತಿತು. ನಾ ಸುಟ್ಟ ಜಾಗಾನ ಕೊಯ್ದಾರ, ಎಂದಳು, ಕೊಳತಿತ್ತೇನವ್ವಾ ಅಲ್ಲಿ. ಆ ದನಿ. ಅಷ್ಟು ದಿನ ಎಲ್ಲಿಯೋ ಕಟ್ಟಿಟ್ಟಿದ್ದ ನನ್ನ ಸಮಾಧಾನ ಅಲ್ಲಿಗೆ ಹರಿಯಿತು, ಅಳು ಬಂತು, ಅತ್ತರೆ ಹೊಲಿಗೆ ಎಳೆಯುತ್ತದೆ, ಎಳೆಯಲಿ, ಕೊಳತಿರಲಿಲ್ಲವ್ವಾ, ಹರ್ನಿಯಾ ಅಲ್ಲ, ಏನೂ ಆಗಿರಲಿಲ್ಲ, ಹೊಟ್ಟಿ ಜೋತುಬಿದ್ದಿತ್ತು, ಚೆಂದ ಕಾಣಬೇಕು ಅನಿಸ್ತು, ನಾನ ಕೇಳಿ ಕೊಯ್ಸಿಕೊಂಡೆ, ನಿನ್ನ ಬರಿಗೂ ಇದಕ್ಕೂ ಸಂಬಂಧ ಇಲ್ಲ, ಚಪ್ಪಲಿ ಹಾಕ್ಕೋ, ನಾಳೆನ ಹಾಕ್ಕೋ. ಅವ್ವ ಚೆಂಬು ಹಿಡಿದು ನನ್ನನ್ನೇ ನೋಡಿದಳು. ಬಯ್ಯಬಹುದು, ಬಯ್ದರೆ ಒಳ್ಳೆಯದು. ಛಲೋ ಇತ್ತಾ, ಎಂದಳು, ಒಳಗ ಎಲ್ಲಾ ಛಲೋ ಇತ್ತಾ, ಎಂದು ಮತ್ತೊಮ್ಮೆ ಕೇಳಿ, ಹೂಂ ಎಂದ ಮೇಲೆ ಉಸಿರು ಬಿಟ್ಟಳು, ನಕ್ಕಳು ಕೂಡ, ಹುಚ್ಚಿ, ಎಂದಳು, ಹೆಗಲ ಮೇಲೆ ನೀರು ಸುರಿದಳು, ಬಿಸಿ, ಹೊಗೆಯ ವಾಸನೆಯ ನೀರು, ಬೆನ್ನು ತಿಕ್ಕುತ್ತಿದ್ದಾಳೆ, ಮುಗಿಯಿತು, ಇಷ್ಟೇ ಆಗಿತ್ತು, ಸುಮ್ಮನೆ ಹೆದರಿದೆ. ಆಮೇಲೆ ಆ ಕೈ ನಿಂತಿತು. ಶಾಂಭವೀ, ಆ ಎರಡನ್ನ ಏನು ಮಾಡಿದ್ರವ್ವಾ, ಮಣ್ಣಾಗರ ಮುಚ್ಚಿದ್ರೇನು. ನೀರು ಇಳಿಯುತ್ತಿದೆ. ನನಗೆ ಗೊತ್ತು, ಪಾಠ ಮಾಡುವವಳಿಗೆ ಗೊತ್ತಿರದೆ, ಮೈಯಿಂದ ಕೊಯ್ದದ್ದು ಆಸ್ಪತ್ರೆಯ ಹಳದಿ ಚೀಲಕ್ಕೆ, ಹಳದಿ ಚೀಲ ಗಾಡಿಗೆ, ಗಾಡಿ ಊರಾಚೆಯ ಕಸ ಸುಡುವ ಕುಲುಮೆಗೆ, ಅಲ್ಲಿ, ಅವ್ವಾ, ಅಲ್ಲಿ ಎರಡನೇ ಸಲ — ಮುಚ್ಚಿದ್ರು ಎನ್ನು, ಮುಚ್ಚಿದ್ರವ್ವಾ ಎನ್ನು, ಬಾಯಿ ತೆರೆದಿದೆ, ಬೆನ್ನ ಮೇಲೆ ಅವಳ ಕೈ ಕಾಯುತ್ತಿದೆ, ಅಂಗೈ ಬೆಚ್ಚಗಿದೆ, ಹಿತ್ತಲಲ್ಲಿ ಒಲೆ ಇನ್ನೂ ಉರಿಯುತ್ತಿದೆ, ಕೆಂಡ, ಕೆಂಡದಲ್ಲಿ ಹಸಿರು ಬಳೆಯ ಚೂರು, ಒಂದು ತುದಿ ಕೆಂಪಗೆ, ಹಿಡಿದ ತುದಿ ಇನ್ನೂ ಹಸಿರು, ಕೆಂಡದಲ್ಲಿ ಹಸಿರು ಬಳೆಯ ಚೂರು