ಏರಿಯಪ್ಪನಿಗೆ ಸೀಗೆಪುಡಿ

ನೋಡಿ ಸ್ವಾಮಿ, ಮೊದಲೇ ಹೇಳಿಬಿಡುತ್ತೇನೆ. ನೀವೀಗ ಓದುತ್ತಿರುವುದು ಅಂಥಿಂಥವನ ಕತೆಯಲ್ಲ. ಚರಿತ್ರೆ, ಜಾನಪದ, ರಸಾಯನಶಾಸ್ತ್ರ ಮೂರನ್ನೂ ಒಂದೇ ಜೀಪಿಗೆ ಹತ್ತಿಸಿಕೊಂಡು ಹೋಗಿ, ಒಂದೇ ಡೈಲಾಗಿನಲ್ಲಿ ಮೂರನ್ನೂ ಗೆಲ್ಲಿಸಿಕೊಂಡು ಬಂದವನು ನಾನು. ಹೆಸರು ಸಿದ್ದಾರ್ಥ, ಊರು ಬಾಬುರಾಯನಕೊಪ್ಪಲು. ಪಿಯುಸಿ ಪರೀಕ್ಷೆಗೂ ನನಗೂ ಎರಡು ಸುತ್ತು ಫೈಟಾಗಿದೆ, ಮೂರನೆಯದು ಬಾಕಿ ಇದೆ. ಈ ಕೈ ಸ್ಟೇರಿಂಗ್ ಹಿಡಿದರೆ ರಸ್ತೆಯೇ ಹೆದರಿ ನೆಟ್ಟಗಾಗುತ್ತದೆ.

ತೊಂಬತ್ತೈದರ ಕಾರ್ತಿಕ ಮಾಸ. ನಮ್ಮಕ್ಕ ಮಾನಸ ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ ವೀರಗಲ್ಲು, ಅಂದರೆ ಕಾದಾಡಿ ಸತ್ತವರ ನೆನಪಿಗೆ ಹಿಂದಿನವರು ನಿಲ್ಲಿಸಿದ ಕಲ್ಲು. ಸಂತೆಬಾಚಹಳ್ಳಿಯಿಂದ ಆಚೆ ಒಂದು ಸಣ್ಣ ಊರಿನ ಕೆರೆ ಏರಿಯ ಮೇಲೆ ಅಂಥದ್ದೊಂದು ಕಲ್ಲಿದೆ. ಅದು ಯೋಧನದ್ದಲ್ಲ, ಕೆರೆ ಕಾಯುತ್ತಿದ್ದ ನೀರುಗಂಟಿಯದ್ದು ಎಂದು ಅವಳ ವಾದ. ನಮ್ಮಪ್ಪ ಮರಿಯಯ್ಯನೂ ನೀರುಗಂಟಿಯೇ. ತೂಬು ಎತ್ತಿ ಗದ್ದೆ ಗದ್ದೆಗೆ ನೀರು ಹಂಚಿಯೇ ಅಕ್ಕನನ್ನು ಓದಿಸಿದವನು. ಅವಳ ವಾದ ಕೇಳಿ ಗೈಡು ಮೇಷ್ಟ್ರು ನಕ್ಕಿದ್ದರಂತೆ.

"ನೀರು ಬಿಡೋನಿಗೆ ಯಾರಮ್ಮ ಕಲ್ಲು ನಿಲ್ಲಿಸ್ತಾರೆ? ಅಕ್ಷರ ಇದ್ರೆ ತೋರಿಸು. ಶನಿವಾರ ಮಧ್ಯಾಹ್ನದ ಬಸ್ಸಿಗೆ ನಾನೇ ಬರ್ತೀನಿ. ಇಲ್ಲಾಂದ್ರೆ ವಿಷಯ ಬದಲಾಯಿಸ್ಕೋ."

ಅಕ್ಷರ ಇದ್ದದ್ದು ಅಕ್ಕನಿಗೆ ಮಾತ್ರ ಗೊತ್ತಿತ್ತು, ಅದೂ ಬೆರಳಿನಿಂದ. ಕಲ್ಲಿಗೆ ಎಷ್ಟೋ ತಲೆಮಾರಿನಿಂದ ಎಣ್ಣೆ ಬಳಿದೂ ಬಳಿದೂ ಕರಿ ಹೊಪ್ಪಳೆ ಕಟ್ಟಿತ್ತು. ಅದರಡಿ ಏನೋ ಕೊರೆದದ್ದು ಅವಳ ಕೈಗೆ ತಾಗಿತ್ತು. ಮೂರು ವರ್ಷದ ದುಡಿಮೆ ಆ ಹೊಪ್ಪಳೆಯ ಕೆಳಗೆ ಸಿಕ್ಕಿಕೊಂಡಿತ್ತು.

ಶನಿವಾರ ಬೆಳಿಗ್ಗೆ ನಮ್ಮ ಸೋದರಮಾವನ ಜೀಪು ಹೊರಡಿಸಿದೆ. ಡೀಸೆಲ್ ಖರ್ಚು ಹಂಚಿಕೊಳ್ಳಲು ಅಕ್ಕನ ಯೂನಿವರ್ಸಿಟಿಯ ಪರಿಚಯದವರು ಇಬ್ಬರು ಪಾಂಡವಪುರದಲ್ಲಿ ಹತ್ತಿದರು. ಶ್ವೇತ ಹಳ್ಳಿ ಹೆಂಗಸರ ಹಾಡುಗಳನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿಯುವವಳು. ನಾಗಮಂಗಲದ ನಿಂಗರಾಜು ರಸಾಯನಶಾಸ್ತ್ರದವನು. ಹೊಂಗೆ, ಹಿಪ್ಪೆ, ಹುಚ್ಚೆಳ್ಳು ಎಣ್ಣೆಗಳು ಗಾಳಿಗೆ ಬಿದ್ದು ಹಳೆಯದಾದರೆ ಏನಾಗುತ್ತವೆ ಎಂಬುದು ಅವನ ಸಂಶೋಧನೆ.

"ಎಣ್ಣೆ ಹಳೇದಾದ್ರೆ ನಾತ ಹೊಡೀತದೆ. ಅದ್ಕೂ ಡಾಕ್ಟ್ರೇಟ್ ಕೊಡ್ತಾರೇನಣ್ಣಾ?" ಎಂದೆ.

"ನೀನು ಗೇರ್ ನೋಡ್ಕಂಡು ಓಡ್ಸಲಾ. ನಾತ ಯಾಕ್ ಹೊಡೀತದೆ ಅನ್ನೋದೇ ನನ್ ಸಂಶೋಧನೆ."

"ಇವ್ರದ್ದಾದ್ರೂ ವಾಸಿ," ಎಂದಳು ಶ್ವೇತ. "ನಮ್ಮತ್ತೆ ನನ್ನ ಕೇಳ್ತಾರೆ, ಸೋಬಾನೆ ಹೇಳೋಕೆ ಯೂನಿವರ್ಸಿಟಿಗ್ ಯಾಕವ್ವ ಹೋಗ್ಬೇಕು, ಮದ್ವೆ ಮನೇಗ್ ಹೋದ್ರೆ ಸಾಲ್ದಾ ಅಂತ."

ಅಕ್ಕ ಮಾತ್ರ ನಗಲಿಲ್ಲ. ಕೆ.ಆರ್. ಪೇಟೆ ದಾಟುವವರೆಗೂ ಉಗುರು ಕಚ್ಚುತ್ತಲೇ ಇದ್ದಳು.

ಕಲ್ಲಿನ ಹತ್ತಿರ ಹೋಗಿ ಚೀಲದಿಂದ ಬ್ರಷ್ಷು ತೆಗೆಯುವಷ್ಟರಲ್ಲಿ ಮಂಚಮ್ಮ ಬಂದಳು. ಕಲ್ಲಿಗೆ ಕಾರ್ತಿಕದಲ್ಲಿ ಎಣ್ಣೆ ಹಚ್ಚುವ ಮನೆತನದ ಮುದುಕಿ. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಒಂದು ಕರು. ಊರಿನವರು ಆ ಕಲ್ಲನ್ನು ಏರಿಯಪ್ಪ ಎನ್ನುತ್ತಾರೆ.

"ಏನವ್ವ ಅದು ಕೈಲಿ?"

"ಬ್ರಷ್ಷು ಕಣಜ್ಜಿ. ಸ್ವಲ್ಪ ಕೆರೆದು ನೋಡ್ತೀನಿ, ಅಕ್ಷರ ಐತೆ ಒಳಗೆ."

"ನಿಮ್ಮಜ್ಜನ ಮೈ ಕೆರೀತಿದ್ಯಾ ಇಂಗೆ? ಏರಿಯಪ್ಪನ ಮೈಗೆ ಉಗುರು ತಾಗುಸ್ದೆ ಅಂದ್ರೆ ಊರೇ ಕರೀತೀನಿ. ನಡೀರಿ ಅತ್ಲಾಗೆ."

ಅಕ್ಕನ ಮುಖ ಸಪ್ಪಗಾಯಿತು. ಬಸ್ಸು ಬರಲು ಮೂರು ಗಂಟೆಯೂ ಇರಲಿಲ್ಲ. ಆಗ ನಾನು ಜೀಪಿನ ಬಾನೆಟ್ ಹತ್ತಿದೆ, ಶರ್ಟಿನ ಕಾಲರ್ ಎತ್ತಿದೆ.

"ಅಜ್ಜಿ, ನೀನು ಕಾಯ್ತಿರೋದು ಕಲ್ಲು. ನಮ್ಮಕ್ಕ ಕಾಯ್ತಿರೋದು ಕಲ್ಲೊಳಗಿರೋ ಮನುಷ್ಯನ್ನ. ಇವತ್ತು ಅವನು ಮಾತಾಡ್ದೆ ಹೋದ್ರೆ, ಈ ಏರಿ ಮೇಲೆ ಇನ್ಯಾವನೂ ಮಾತಾಡಲ್ಲ."

ಹಿನ್ನೆಲೆ ಸಂಗೀತ ಒಂದು ಇರಲಿಲ್ಲ, ಅಷ್ಟೇ. ಮಂಚಮ್ಮ ಮೆತ್ತಗಾದಳು. ನೋಡುನೋಡುತ್ತ ಹೆಂಗಸರು ಚೊಂಬು, ಸೀಗೆಪುಡಿ, ತೆಂಗಿನ ನಾರು ಹಿಡಿದು ಬಂದರು. ಯಾರೋ ಹುಣಸೆಹಣ್ಣೂ ತಂದಿದ್ದರು. ನಿಂಗರಾಜು ಅಡ್ಡ ನಿಂತ.

"ಹುಣಸೆ ಬ್ಯಾಡಿ ಕಣ್ರವ್ವಾ, ಹುಳಿ ಕಲ್ಲನ್ನ ತಿಂದಾಕ್ಬುಡ್ತದೆ. ಸೀಗೆ ಸಾಕು. ನೀರು ಉಗುರುಬೆಚ್ಚಗಿರ್ಲಿ. ಹಚ್ಚಿ ಅಂಗೇ ನೆನೆಯಾಕ್ ಬುಡಿ, ಎಣ್ಣೆ ತಾನಾಗ್ ಬುಡ್ತದೆ."

ಬಿಟ್ಟಿತು. ಕರಿ ನೊರೆ ಏರಿಯ ಇಳಿಜಾರಿನಲ್ಲಿ ಹರಿಯಿತು. ಅದರಲ್ಲೊಂದು ಚೂರು ಹೊಪ್ಪಳೆಯನ್ನು ನಿಂಗರಾಜು ಶೀಶೆಗೆ ತುಂಬಿಕೊಂಡು, ಬಂಗಾರ ಸಿಕ್ಕವನಂತೆ ಎದೆಗೆ ಒತ್ತಿಕೊಂಡ. ಅಷ್ಟು ಹಳೆಯ ಎಣ್ಣೆ ಅವನ ಲ್ಯಾಬಿನಲ್ಲಿ ಎಲ್ಲಿಂದ ಬರಬೇಕು? ಶ್ವೇತಳ ಟೇಪು ತಿರುಗುತ್ತಲೇ ಇತ್ತು.

ಕಲ್ಲು ಒಣಗಿದ ಮೇಲೆ ಅಕ್ಕ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆದಳು. ಕೊರೆದ ಕಡೆ ಬಿಳಿ, ಉಳಿದ ಕಡೆ ಕಪ್ಪು. ನಾನು ಸಂತೆಬಾಚಹಳ್ಳಿಗೆ ಹೋಗಿ ಮೇಷ್ಟ್ರನ್ನು ಕರೆತರುವ ಹೊತ್ತಿಗೆ ಎರಡು ಸಾಲು ಎದ್ದು ಕೂತಿತ್ತು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಚಪ್ಪಲಿ ಬಿಟ್ಟರು. ಕಲ್ಲಿನ ಮುಂದೆ ಮಂಡಿಯೂರಿ ಬೆರಳಿಟ್ಟು ಓದಿದರು.

"ಮಾರೆಯನು... ಕೆರೆಯ ಏರಿಯ ಕಾದು... ಸತ್ತ."

ಮತ್ತೊಮ್ಮೆ ಓದಿದರು, ಈ ಸಲ ಊರಿಗೆಲ್ಲ ಕೇಳುವಂತೆ. ಆಮೇಲೆ ಅಕ್ಕನ ಕಡೆ ತಿರುಗಿದರು. "ನಾನು ಹೇಳಿದ್ದು ತಪ್ಪು ಕಣಮ್ಮ. ಇದನ್ನೇ ಮೊದಲನೇ ಅಧ್ಯಾಯ ಮಾಡು."

ಮಂಚಮ್ಮ ಸೆರಗು ತಲೆಗೆಳೆದುಕೊಂಡು, "ಅಂಗಾರೆ ನಮ್ಮ ಏರಿಯಪ್ಪನಿಗೊಂದು ಹೆಸ್ರಿತ್ತಾ? ಮಾರೆಯ," ಎಂದು ಮೆಲ್ಲಗೆ ಹೇಳಿ ನೋಡಿಕೊಂಡಳು. ಅಕ್ಕ ಕಲ್ಲನ್ನು ತಬ್ಬಿಕೊಂಡು ಅತ್ತಳು, ನಕ್ಕಳು, ಮುಖವೆಲ್ಲ ಮಸಿ ಮಾಡಿಕೊಂಡಳು. ಅಪ್ಪನಿಗೆ ಮೊದಲು ತಾನೇ ಹೇಳಬೇಕು, ನಾನು ಬಾಯಿ ಬಿಡಬಾರದು ಎಂದು ಆಣೆ ಹಾಕಿಸಿಕೊಂಡಳು. ಮಾರ್ಚಿನಲ್ಲಿ ಅವಳು ಯೂನಿವರ್ಸಿಟಿಯಲ್ಲಿ ಆ ಕಲ್ಲಿನ ಬಗ್ಗೆ ಪ್ರಬಂಧ ಓದಿದಾಗ ಮುಂದಿನ ಸಾಲಿನಲ್ಲಿ ಅಪ್ಪ ಇಸ್ತ್ರಿ ಪಂಚೆಯುಟ್ಟು ಕೂತಿದ್ದ. ಯಾರೂ ನಗಲಿಲ್ಲ.

ಇನ್ನು ನನ್ನ ಡೈಲಾಗಿನ ವಿಚಾರ.

ಡೈಲಾಗು ಹೊಡೆದದ್ದು ನಿಜ. ಅದಕ್ಕೆ ಮಂಚಮ್ಮ ಹೇಳಿದ್ದು ಇಷ್ಟು: "ಇಳೀಲಾ ಕೆಳಕ್ಕೆ, ಕರ ಬೆದರ್ತದೆ." ಇಳಿದೆ.

ಆಮೇಲೆ ಶ್ವೇತ ಸುಮ್ಮನೆ ಮುದುಕಿಯ ಪಕ್ಕ ಕೂತಳು. ಮದುವೆ ಮನೆಯ ಎಣ್ಣೆ ನೀರಿನ ಹಾಡು ಶುರು ಮಾಡಿದಳು. ಎರಡನೇ ಸಾಲಿಗೇ ತಪ್ಪಿದಳು. ಮಂಚಮ್ಮನಿಗೆ ತಡೆಯಲಾಗಲಿಲ್ಲ.

"ಅಂಗಲ್ಲ ಕಣವ್ವ, ಇಂಗೆ," ಎಂದು ತಾನೇ ಎತ್ತಿಕೊಂಡಳು. ಹಾಡಿನಲ್ಲಿ ನೆತ್ತಿಗೆ ಎಣ್ಣೆ ಒತ್ತುವುದು ಮುಗಿಯಿತು, ಬೆನ್ನಿಗೆ ಹಚ್ಚುವುದು ಮುಗಿಯಿತು. ಸೀಗೆ ತಿಕ್ಕಿ ನೀರು ಹುಯ್ಯುವ ಸಾಲಿಗೆ ಬಂದು ತಟ್ಟನೆ ನಿಲ್ಲಿಸಿದಳು. ಕಲ್ಲನ್ನು ನೋಡಿದಳು.

"ಅಯ್ಯೋ ಸಿವನೆ. ಎಣ್ಣೆ ಹಚ್ಚಿ ಹಚ್ಚಿ ಕೂರ್ಸಿವಿ, ಒಂದು ದಿನಾನಾರ ನೀರು ಉಯ್ದಿಲ್ವಲ್ಲೇ ಇವ್ನಿಗೆ." ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು. "ಏಯ್ ಡೈಲಾಗು, ಕೊಡ ತಕ್ಕೊ."

ಕೆರೆಯಿಂದ ಮಂಚಮ್ಮನ ಮನೆಯ ಹಂಡೆಗೂ, ಹಂಡೆಯಿಂದ ಕಲ್ಲಿಗೂ ಅಷ್ಟೂ ನೀರು ಹೊತ್ತವನು ನಾನೊಬ್ಬನೇ. ಅದೊಂದು ಮಾತ್ರ ಸುಳ್ಳಲ್ಲ.