ಅರ್ಧ ಇಳಿಸಿದ ಶಟರ್

ಹೇಳಿದ ದಿನಕ್ಕೆ ಬಟ್ಟೆ ಕೊಡುವ ಟೈಲರ್ ಎಲ್ಲಾದರೂ ಇದ್ದರೆ ಅವನನ್ನು ಮೆರವಣಿಗೆ ಮಾಡಬೇಕು. ಚಿತ್ರದುರ್ಗದ ಅಬ್ದುಲ್ ರಶೀದರು ಮಾತ್ರ ಮೆರವಣಿಗೆಗಿಂತ ಕಾನೂನೇ ವಾಸಿ ಎಂದು ನಂಬಿದವರು. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಟೈಲರ್ ಸಂಘಗಳನ್ನೆಲ್ಲ ಸೇರಿಸಿ ಒಕ್ಕೂಟ ಕಟ್ಟಿದವರು ಅವರೇ, ಅದರ ಅಧ್ಯಕ್ಷರೂ ಅವರೇ. ಒಕ್ಕೂಟದ ಮೊದಲ ಕಾನೂನು, ಮಾತು ಕೊಟ್ಟ ದಿನ ಬಟ್ಟೆ ಕೊಡಬೇಕು ಅನ್ನುವುದು. ತಪ್ಪಿ ಗಿರಾಕಿಯಿಂದ ದೂರು ಬಂತೋ, ಒಂದಿಡೀ ದಿನ ಶಟರ್ ಅರ್ಧ ಇಳಿಸಿಕೊಂಡೇ ಕೆಲಸ ಮಾಡಬೇಕು. ಬೀದಿಯವರೆಲ್ಲ ಬಗ್ಗಿ ನೋಡಿ "ಯಾಕ್ರೀ, ಏನಾಯ್ತು?" ಅಂತ ಕೇಳುತ್ತಾರಲ್ಲ, ಅದೇ ಶಿಕ್ಷೆ.

ಕಾನೂನು ಒಂದೇ ಆದರೂ ನಡೆದದ್ದು ಊರಿಗೊಂದು ಥರ. ಹೊಳಲ್ಕೆರೆಯವರು ಒಂದೊಂದು ಮಾತಿಗೂ ತಕರಾರು ತೆಗೆದರು, ಮದುವೆ ಸೀಸನ್ನಿಗೆ ವಿನಾಯಿತಿ ಕೇಳಿದರು, ಟೀ ಕುಡಿದು ಎದ್ದು ಹೋದರು, ಮತ್ತೆ ಬಂದರು. ಅಂತೂ ಒಪ್ಪಿದ ಮೇಲೆ ಚಾಚೂ ತಪ್ಪಲಿಲ್ಲ. ಹಿರಿಯೂರಿನವರಿಗೆ ಕಾನೂನಿನ ಮೇಲೆ ಪ್ರೀತಿಯೇನೂ ಇರಲಿಲ್ಲ, ಆದರೆ ಅಲ್ಲಿ ಕಾಟಮ್ಮ ಎಂಬ ಗಿರಾಕಿ ಇದ್ದಳು. ಹೇಳಿದ ದಿನ ರವಿಕೆ ಸಿಗದಿದ್ದರೆ ಅಂಗಡಿ ಮೆಟ್ಟಿಲ ಮೇಲೆ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತೇಬಿಡುತ್ತಿದ್ದಳು, ಆ ಭಯಕ್ಕೇ ಅವರು ಪಾಲಿಸಿದರು. ಹೊಸದುರ್ಗದವರು ಎಲ್ಲರಿಗಿಂತ ಮೊದಲು ಕೈಯೆತ್ತಿ ಒಪ್ಪಿದರು, ಎಲ್ಲರಿಗಿಂತ ಮೊದಲು ಮರೆತರು.

ರಶೀದರ ಸಿಟ್ಟೆಲ್ಲ ಹೊಸದುರ್ಗದ ಸಂಘದ ಮುಖ್ಯಸ್ಥ ಮೂರ್ತಪ್ಪನವರ ಮೇಲೆ. "ಬುಧವಾರ ಅವರನ್ನ ಕರೆಸಿದೀನಿ. ಮುಖದ ಮೇಲೇ ಹೇಳ್ತೀನಿ, ನಿಮ್ಮ ಸಂಘ ಒಕ್ಕೂಟದಾಗೆ ಇರಬ್ಯಾಡ ಅಂತ" ಎಂದು ಊಟದ ಹೊತ್ತಿನಲ್ಲಿ ಗುಡುಗುತ್ತಿದ್ದರು.

ಮಗಳು ಆರ್ಜೂಗೆ ನಗು. ಯುರೋಪಿನ ದೇಶಗಳು ಒಕ್ಕೂಟ ಕಟ್ಟಿಕೊಂಡು ಎಲ್ಲರಿಗೂ ಒಂದೇ ಕಾನೂನು ಮಾಡಿಕೊಂಡಿವೆಯಲ್ಲ, ಅದನ್ನು ಒಂದು ದೇಶ ಪಾಲಿಸುತ್ತದೆ, ಇನ್ನೊಂದು ಸತಾಯಿಸುತ್ತದೆ. ಅದು ಯಾಕೆ ಎಂಬುದರ ಮೇಲೇ ಅವಳ ಪಿಎಚ್.ಡಿ.

"ಅಬ್ಬಾಜಾನ್, ಪಾಲಿಸದೋರೆಲ್ಲ ಕಳ್ಳರಲ್ಲ. ಕೆಲವರಿಗೆ ಮನಸ್ಸಿರಲ್ಲ, ಕೆಲವರಿಗೆ ಕೈಲಾಗಲ್ಲ. ಕೆಲವು ಕಡೆ ಕೇಳೋರೇ ಇರಲ್ಲ."

"ಯುರೋಪಿನ ಸುದ್ದಿ ನಂಗೊತ್ತಿಲ್ಲಮ್ಮ. ಹೊಸದುರ್ಗಕ್ಕೆ ಮನಸ್ಸಿಲ್ಲ, ಅಷ್ಟೇ ಐತೆ ವಿಷಯ."

ಗುರುವಾರ ಅವಳ ಕೊನೆಯ ಮೌಖಿಕ ಪರೀಕ್ಷೆ. ಅದಕ್ಕೊಂದು ನೀಲಿ ಕೋಟು ಬೇಕೆಂದು ತಿಂಗಳ ಹಿಂದೆಯೇ ಬಟ್ಟೆ ತಂದುಕೊಟ್ಟಿದ್ದಳು. ಸೋಮವಾರ ಕೊಡುತ್ತೇನೆ ಎಂದಿದ್ದರು ರಶೀದರು. ಆದರೆ ಟೈಲರ್ ಮನೆಯವರ ಬಟ್ಟೆ ಎಲ್ಲರದೂ ಆದಮೇಲೆ ತಾನೆ? ಹೆಂಡತಿ ಮಲೀಕಾ ಸ್ವಂತ ತಮ್ಮನ ಮದುವೆಗೆ ಗುಂಡಿಯಿಲ್ಲದ ರವಿಕೆಗೆ ಪಿನ್ನು ಚುಚ್ಚಿಕೊಂಡು ಹೋಗಿದ್ದಳು. ಆ ಮನೆಯಲ್ಲಿ ಅದು ಸುದ್ದಿಯೇ ಅಲ್ಲ.

ಬುಧವಾರ ಬೆಳಿಗ್ಗೆ ಆರ್ಜೂ ಅಂಗಡಿಗೆ ಬಂದಾಗ ಕೋಟು ಒಂದೇ ತೋಳು ಹಚ್ಚಿಸಿಕೊಂಡು ನೇತಾಡುತ್ತಿತ್ತು.

"ಸಂಜೆ ಒಳಗೆ ಆಗೋಗುತ್ತೆ ಬಿಡಮ್ಮ" ಎಂದರು ರಶೀದರು, ಬೇರೆ ಯಾರದೋ ಪ್ಯಾಂಟಿನಿಂದ ತಲೆಯೆತ್ತದೆ.

"ಸೋಮವಾರ ಅಂದಿದ್ರಿ." ಅವಳ ದನಿ ಏರಲಿಲ್ಲ, ಕಣ್ಣು ಮಾತ್ರ ತುಂಬಿತ್ತು. "ಚಿಕ್ಕಂದಿನಿಂದ ನಾನು ಕೊನೇ ಗಿರಾಕಿ. ಅಧ್ಯಕ್ಷರೇ, ನಾನು ಒಕ್ಕೂಟಕ್ಕೆ ದೂರು ಕೊಡ್ತಿದೀನಿ. ತಗಳ್ರಿ."

ಅವಳು ಹೋದ ಮೇಲೆ ರಶೀದರ ಕಾಲು ಮಿಷಿನ್ನಿನ ಮೇಲೆ ಹಾಗೇ ನಿಂತಿತು. ಮನೆಯೊಳಗಿನ ಮಾತು, ನಕ್ಕು ತಳ್ಳಿಹಾಕಬಹುದಿತ್ತು. ಆದರೆ ತಳ್ಳಿಹಾಕಿದರೆ ಕಾನೂನು ಊರವರಿಗೆ ಮಾತ್ರ ಎಂದಾಯಿತು. ಶಟರ್ ಇಳಿಸಿದರೆ ಇನ್ನೊಂದು ಗಂಟೆಯಲ್ಲಿ ಬರುವ ಮೂರ್ತಪ್ಪನವರ ಎದುರು ಮಾನ ಹೋಯಿತು, ಅವರನ್ನು ಹೊರಹಾಕುವ ಬಾಯೂ ಹೋಯಿತು. ರಶೀದರಿಗೆ ನಾಚಿಕೆಯಾಯಿತು, ಮಗಳ ಮೇಲೆ ಎಂದಿಲ್ಲದ ಪ್ರೀತಿಯೂ ಬಂತು. ಎದ್ದು ಹೋಗಿ ಶಟರನ್ನು ಅರ್ಧಕ್ಕೆ ಎಳೆದರು.

ಎದುರು ಬೇಕರಿಯವನು ಬಗ್ಗಿ ನೋಡಿದ, ಹಾಲಿನವನು ನೋಡಿದ, ಪೋಸ್ಟಿನವನು ಸೈಕಲ್ ಇಳಿದೇ ನೋಡಿದ. ಎಲ್ಲರಿಗೂ ರಶೀದರದು ಒಂದೇ ಉತ್ತರ: "ಮಗಳ ಕೋಟು ತಡ ಆತು."

ಆಮೇಲೆ ಮೂರ್ತಪ್ಪನವರು ಡೊಳ್ಳುಹೊಟ್ಟೆ ಹಿಡಿದುಕೊಂಡು ಬಗ್ಗಿ ಒಳಗೆ ಬಂದರು. ಜಗಳಕ್ಕೆ ತಯಾರಾಗಿಯೇ ಬಂದ ಮುಖ. ಸುದ್ದಿ ಕೇಳಿ ಆ ಮುಖ ಸಡಿಲಾಯಿತು.

"ನಿಮ್ಮ ಶಟರ್ರಾ ರಶೀದಣ್ಣ? ನಾವು ಇದು ನಮಗೇ ಮಾಡಿದ ಕಾನೂನು ಅನ್ಕಂಡಿದ್ವಲ್ರೀ!"

"ಕುಂತ್ಕಳ್ರಿ ಮೂರ್ತಪ್ಪೋರೆ. ಹೊರಗೆ ಹಾಕಾಣ ಅಂತ ಕರೆಸಿದ್ದೆ, ಈಗ ಕೇಳ್ತೀನಿ. ನಿಮ್ಮೂರಾಗೆ ಯಾಕೆ ಆಗ್ತಿಲ್ಲ?"

"ಇಷ್ಟು ದಿನ ನೋಟೀಸ್ ಕಳಿಸಿದ್ರಿ, ಕೇಳಿದ್ದು ಇವತ್ತೇ" ಎಂದರು ಮೂರ್ತಪ್ಪ. "ಊರಿಗೆಲ್ಲ ಕಾಜಾ ಹಾಕೋನು ಓಬಣ್ಣ ಒಬ್ನೇ. ಅವನಿಗೆ ಕಣ್ಣು ಮಂಜು. ಹೊಲಿದ ಅಂಗಿ ಗುಂಡಿ ತೂತಿಗೆ ಕಾಯ್ಕಂಡು ಅವನ ಮನೇಲಿ ಬಿದ್ದಿರ್ತವೆ. ಹೇಳ್ಕಳಾಕೆ ನಾಚಿಕೆ, ಅದಕ್ಕೆ ಅವತ್ತು ಒಪ್ಪಿ ಕೈಯೆತ್ತಿಬಿಟ್ವಿ."

ಕೆಲವರಿಗೆ ಕೈಲಾಗಲ್ಲ ಎಂದಿದ್ದ ಮಗಳ ಮಾತು ರಶೀದರಿಗೆ ನೆನಪಾಯಿತು. ತಮ್ಮಲ್ಲಿ ಕಾಜಾ ಹಾಕುವ ನಾಸಿರ್ ವಾರಕ್ಕೊಂದು ದಿನ ಮಿಷಿನ್ ಸಮೇತ ಹೊಸದುರ್ಗಕ್ಕೆ ಬರಲಿ ಎಂದರು. ಮೂರ್ತಪ್ಪ ಕನ್ನಡಕ ಏರಿಸಿ, ಕೋಟಿನ ಎರಡನೇ ತೋಳು ಎತ್ತಿಕೊಂಡು ಜೋಡಿಸತೊಡಗಿದರು. ಹೊಸದುರ್ಗದ ಕೈ ಇಷ್ಟು ನಯ ಎಂದು ರಶೀದರಿಗೆ ಅದುವರೆಗೆ ಗೊತ್ತಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಕೋಟು ಸಿದ್ಧವಾಯಿತು. ಬಗ್ಗಿ ಹೊರಗೆ ಹೋಗುವಾಗ ಮೂರ್ತಪ್ಪ ಶಟರಿಗೆ ತಲೆ ಬಡಿಸಿಕೊಂಡು, ನಗುತ್ತಲೇ ಬಸ್ಸು ಹತ್ತಿದರು.

ಮರುದಿನ ಬೆಳಿಗ್ಗೆ ನೀಲಿ ಕೋಟಿನ ಆರ್ಜೂ ಅಪ್ಪನನ್ನು ತಬ್ಬಿಕೊಂಡು ಹೊರಟಳು. ರಶೀದರು ಇನ್ನೂ ಮನೆ ಬಾಗಿಲಲ್ಲೇ ಇದ್ದಾಗ ಫೋನಿಗೆ ಫೋಟೋ ಬಂತು. ಹೊಸದುರ್ಗದ ಅಂಗಡಿ, ಅರ್ಧ ಇಳಿದ ಶಟರ್, ಅದರ ಕೆಳಗೆ ಮೂರ್ತಪ್ಪನವರ ಎರಡು ಕಾಲು. ಮೆಟ್ಟಿಲ ಮೇಲೆ ಅವರ ಹೆಂಡತಿ ಚಂದ್ರಕ್ಕ ಗೆದ್ದವಳ ಹಾಗೆ ಕೂತಿದ್ದಳು. ಕೆಳಗೆ ಬರೆದಿತ್ತು: "ಮನೆಯೋಳಿಗೆ ನಿಮ್ಮ ಕಥೆ ಹೇಳಿದ್ದೇ ತಪ್ಪಾತು. ಮೂರು ಯುಗಾದಿ ಹಿಂದಿನ ರವಿಕೆ. ದೂರು ಬಂತು."

ರಶೀದರು ಬಿದ್ದು ಬಿದ್ದು ನಕ್ಕರು. ಫೋಟೋ ತೋರಿಸೋಣವೆಂದು ಹಿಂದೆ ತಿರುಗಿದರೆ ಮಲೀಕಾ ನಿಂತಿದ್ದಳು. ಅವಳ ಕೈಯಲ್ಲಿ ಮಡಿಕೆ ಬಿಚ್ಚದ ಹಸಿರು ಬಟ್ಟೆಯ ತುಂಡು.

"ಹೋದ ರಂಜಾನಿಗೆ ಕೊಡ್ತೀನಿ ಅಂದಿದ್ರಿ" ಎಂದಳು.

ನಗು ಅಲ್ಲೇ ನಿಂತಿತು. ರಶೀದರು ಬಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು, ಆಮೇಲೆ ಗೂಟದಲ್ಲಿದ್ದ ಶಟರ್ ಕೀಲಿಯನ್ನು.